ಇಬತ್ತಿ ಹಚ್ಚಿದ ಜೀಪು

ನನ್ನ ಹೆಂಡತಿ ಗೌರಾಬಾಯಿ ಲಿಂಗೈಕ್ಯಳಾಗಿ ನಾಳೆಗೆ ಒಂದು ವರ್ಷ. ಆಕೆಯ ಗದ್ದುಗೆ ಬಿಜ್ಜರಗಿಯ ನಮ್ಮ ಹೊಲದಲ್ಲಿದೆ. ನಾಳೆಯ ಪೂಜೆಗೆ ಹಳ್ಳ ದಾಟಿ ಕಲ್ಲುದಾರಿಯಲ್ಲಿ ಹೋಗಬೇಕು. ನಮ್ಮ ಹಳೆಯ ಜೀಪಿನ ಹೊರತು ಬೇರೆ ಗಾಡಿ ಅಲ್ಲಿಗೆ ಏರುವುದಿಲ್ಲ. ಆಕೆ ಹೋದ ಮೇಲೆ ಆ ಜೀಪನ್ನು ನಾನು ಶೆಡ್ಡಿನಿಂದ ತೆಗೆದಿರಲಿಲ್ಲ. ಇಂದು ತೆಗೆದರೆ ಸ್ಟೇರಿಂಗು ತಿರುಗಲೊಲ್ಲದು. ಕಿರುಗುಟ್ಟಿಸುತ್ತ ಹೇಗೋ ತಿಕೋಟಾದ ಲಾಡಲೇಸಾಬನ ಗ್ಯಾರೇಜಿಗೆ ತಂದೆ.

ಅವನು ಗ್ರೀಸ್ ಗನ್ ಹಿಡಿದು ಮುಂದಿನ ಗಾಲಿಯ ಹತ್ತಿರ ಕುಳಿತ. ತಿರುಗುವ ಕೀಲುಗಳಿಗೆಲ್ಲ ಬೆರಳ ತುದಿಯಷ್ಟು ಉಬ್ಬಿದ ನಿಪ್ಪಲ್ ಇರುತ್ತದೆ. ಅದರ ಬಾಯಿಗೆ ಗನ್ ಒತ್ತಿದರೆ ಗ್ರೀಸ್ ಒಳಗೆ ಇಳಿಯಬೇಕು. ಇಳಿಯಲಿಲ್ಲ; ಪಚಕ್ಕನೆ ಹಿಂದಕ್ಕೆ ಬಂದು ಅವನ ಗಡ್ಡಕ್ಕೆ ಹಾರಿತು.

ಸೂಜಿಯಿಂದ ಕೆದರಿ ನೋಡಿದ. "ಅಯ್ಯಾರ, ಇದು ಮಣ್ಣಲ್ಲರಿ. ಇಬತ್ತಿ."

ನನಗೆ ತಿಳಿಯಿತು. ಅಮಾವಾಸ್ಯೆಗೊಮ್ಮೆ ಗೌರಾಬಾಯಿ ಜೀಪಿಗೆ ಪೂಜೆ ಮಾಡುತ್ತಿದ್ದಳು. ನಿಪ್ಪಲ್‌ಗಳು ಆಕೆಗೆ ಪುಟ್ಟ ಲಿಂಗಗಳಂತೆ ಕಂಡಿರಬೇಕು. ಕಲಸಿದ ವಿಭೂತಿಯನ್ನು ಒಂದೊಂದಕ್ಕೂ ಹಚ್ಚಿದ್ದಳು. ಅದು ಗಟ್ಟಿಯಾಗಿ ಬಾಯಿ ಕಟ್ಟಿತ್ತು.

"ಬಿಚ್ಚಿ ಡೀಸೆಲ್‌ದಾಗ ತೊಳದರ ಬಾಯಿ ಬಿಡತಾವ," ಎಂದ.

"ಬ್ಯಾಡಪಾ. ಅದು ಆಕಿ ಕೈಯಿಂದು."

"ಹಂಗಾದ್ರ ನಾಳಿ ಹ್ಯಾಂಗ ಹೋಗತೀರಿ? ಹಳ್ಳದಾಗ ಸ್ಟೇರಿಂಗ್ ತಿರುಗದ ನಿಂತ್ರ ನೀವೂ ಅಕ್ಕಾರ ಕಡೆ ಹೋಗತೀರಿ. ಪೂಜಿ ಮಾಡಾಕ ಯಾರ ಉಳೀತಾರ?"

"ಸುಮ್ಮಕಿರಲೇ," ಎಂದೆ.

ಅವನು ಜೀಪಿನ ಕೆಳಗೆ ನುಸುಳಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನಗು ಕೇಳಿಸಿತು.

"ಅಯ್ಯಾರ, ನಡುವಿನ ಶಾಫ್ಟಿಗೂ ಇಬತ್ತಿ ಐತಿ. ಇದಕ್ಕ ಗ್ರೀಸ್ ಹೊಡಿಯೂದು ನನಗೂ ಮರೀತಿತ್ತು. ಮಣಕಾಲ ಬ್ಯಾನಿ ಅಂತ ಅಕ್ಕಾರು ಕುರ್ಚಿ ಬಿಟ್ಟು ಕೆಳಗ ಕುಂದರತಿರಲಿಲ್ಲ. ಇಲ್ಲಿಗೆ ಹ್ಯಾಂಗ ಬಂದ್ರರಿ?"

ಆಕೆ ಸೆರಗು ಬಿಗಿದುಕೊಂಡು ತೆವಳುವುದು ಕಣ್ಣಿಗೆ ಕಟ್ಟಿತು. ನನಗೂ ನಗು ಬಂತು. ಗಾಡಿ ದಾರಿಯಲ್ಲಿ ನಿಲ್ಲದಿರಲಿ ಎಂದು ಅಷ್ಟು ಪಾಡುಪಟ್ಟವಳು. ಅದನ್ನು ನಾನು ಶೆಡ್ಡಿನಲ್ಲಿ ನಿಲ್ಲಿಸಿ ಕುಳಿತಿದ್ದೆ.

"ತೊಳಿಯಪಾ," ಎಂದೆ.

ನಿಪ್ಪಲ್‌ಗಳನ್ನು ಬಿಚ್ಚಿ ಡೀಸೆಲಿನಲ್ಲಿ ನೆನೆಹಾಕಿದ. ಬಾಯೊಳಗಿನ ಸಣ್ಣ ಗುಂಡು ಒಳಹೊರಗೆ ಆಡುವವರೆಗೆ ಸೂಜಿಯಿಂದ ಒತ್ತಿದ, ಗಾಳಿ ಹೊಡೆದ. ತಿರುಗಿ ಕೂಡಿಸಿ ಗನ್ ಒತ್ತಿದಾಗ ಕೀಲಿನ ಸಂದಿಯಿಂದ ಹಳೆಯ ಕರಿ ಗ್ರೀಸ್ ಹೊರಬಂತು, ಅದರ ಹಿಂದೆ ಹೊಸದು. ಆಮೇಲೆ ಎಲ್ಲಕ್ಕೂ ರಬ್ಬರಿನ ಟೊಪ್ಪಿಗೆ ಹಾಕಿದ.

"ಈಗ ಇದರ ಮ್ಯಾಲ ಎಷ್ಟ ಬೇಕಾದ್ರೂ ಇಬತ್ತಿ ಹಚ್ಚರಿ."

"ಕೆಳಗಿಂದಕ್ಕ ನೀನ ಹಚ್ಚು."

"ಅಕ್ಕಾರ ಗಾಡಿ ಕೆಳಗ ನುಸುಳಿದ್ರು, ನಿಮಗೇನಾಗೇತ್ರಿ?"

ಗೋಣಿಚೀಲ ಹಾಸಿ, ಶಿವನ ಹೆಸರು ಹೇಳುತ್ತ ತೆವಳಿ ಹೋಗಿ ಹಚ್ಚಿದೆ. ಹೊರಗೆ ಬರಲಾಗಲಿಲ್ಲ, ಲಾಡಲೇಸಾಬ ಎರಡೂ ಕಾಲು ಹಿಡಿದು ಎಳೆದ.

ಮರುದಿನ ಜೀಪು ಹಳ್ಳವನ್ನು ಸಲೀಸಾಗಿ ದಾಟಿತು. ಗಾಡಿ ನೋಡಿಕೊಳ್ಳುವ ನೆವದಿಂದ ಲಾಡಲೇಸಾಬನೂ ಬಂದಿದ್ದ. ಗದ್ದುಗೆಗೆ ನಮಸ್ಕರಿಸಿ ನಾನು ಎದ್ದಾಗ ಹಿಂದಿನಿಂದ ಹೇಳಿದ, "ಅಯ್ಯಾರ, ನಿನ್ನಿ ಅಂಗೀನ ಹಾಕ್ಕೊಂಡು ಬಂದೀರಿ. ಬೆನ್ನ ತುಂಬ ಗ್ರೀಸ್ ಐತಿ."

"ಗೊತ್ತೈತಿ," ಎಂದೆ. "ಆಕಿಗೆ ತೋರಸಾಕ ಬಂದೇನಿ."