ಎಡಗಾಲ ಮೇಲಿನ ಭಾರ

“ಏ ದುಗ್ಗಿ, ದನ ತುಳಿದ ಜೋಳದ ದಂಟಿನಂಗೆ ನಿಂತೀಯಲ್ಲ. ನಿಮ್ಮವ್ವ ಹಡೆಯುವಾಗ್ಲೇ ಸೊಟ್ಟಗಿದ್ದೋ, ಇಲ್ಲಾ ಈಗ ಸೋಮಾರಿತನಕ್ಕೆ ಸೊಟ್ಟಗಾದ್ಯೋ?”

ಶಾಲೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಹೆಡ್‌ಮಾಸ್ತರು ಪರಮೇಶ್ವರಪ್ಪನವರೂ ಮೀಸೆಯಡಿಯಲ್ಲಿ ನಕ್ಕರು. ಎರಡನೇ ಕ್ಲಾಸಿನ ದುಗ್ಗಿ ಮಾತ್ರ ನಗಲಿಲ್ಲ, ಅಳಲೂ ಇಲ್ಲ. ಎಡ ಸೊಂಟ ಹೊರಗೆ, ಬಲ ಭುಜ ಕೆಳಗೆ, ಮೊದಲು ಹೇಗಿದ್ದಳೋ ಹಾಗೆಯೇ ನಿಂತಳು.

ಬೈದವನು ಉಚ್ಚೆಂಗಪ್ಪ. ಬೆಳಗ್ಗೆ ಗರಡಿ, ಮಧ್ಯಾಹ್ನದಿಂದ ಹತ್ತಿ ಗಿರಣಿಯಲ್ಲಿ ಎರಡನೇ ಪಾಳಿ. ದಾವಣಗೆರೆಯ ಆ ಗಿರಣಿ ಕೂಲಿಗಳ ಕೇರಿಯ ಶಾಲೆಗೆ ಡ್ರಿಲ್ ಮಾಸ್ತರು ಇರಲಿಲ್ಲ. ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬುವ ಹಬ್ಬಕ್ಕೆ ಎಲ್ಲ ಶಾಲೆಗಳ ಮಕ್ಕಳು ಮೈದಾನದ ತನಕ ಕವಾಯತು ಮಾಡುತ್ತ ಹೋಗಬೇಕಿತ್ತು. ಅದಕ್ಕೇ ಪರಮೇಶ್ವರಪ್ಪನವರು ಇವನನ್ನು ಗರಡಿಯಿಂದ ಹಿಡಿದು ತಂದಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಈಗ ಮಕ್ಕಳು ‘ಸಾ’ ಎನ್ನುತ್ತಿದ್ದವು. ಆ ಒಂದು ಅಕ್ಷರಕ್ಕೆ ಅವನ ಎದೆ ಉಬ್ಬಿತ್ತು.

ಕವಾಯತಿಗಿಂತ ಮೊದಲು ನಿಲ್ಲುವುದನ್ನು ಕಲಿಸಬೇಕು ಎಂಬುದು ಅವನ ಹಟ. ನಲವತ್ತು ತುಂಬುವುದರೊಳಗೆ ಗೂನು ಬಿದ್ದವರನ್ನು ಗಿರಣಿಯಲ್ಲಿ ದಿನವೂ ನೋಡುತ್ತಿದ್ದ. ಯಂತ್ರದ ಮುಂದೆ ಬಗ್ಗಿದ್ದು ಸಾಲದೆಂದು ಮೇಸ್ತ್ರಿಯ ಮುಂದೆಯೂ ಬಗ್ಗುವವರು. ಈ ಮಕ್ಕಳಾದರೂ ನೆಟ್ಟಗೆ ನಿಲ್ಲಲಿ ಎಂದು ಅವರನ್ನು ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಲ್ಲಿಸುತ್ತಿದ್ದ. ಸ್ಲೇಟಿನ ಮೇಲೆ ಮೂಗು ಇಟ್ಟು ಬರೆಯುವವರ ಗದ್ದ ಹಿಡಿದು ಎತ್ತುತ್ತಿದ್ದ.

“ಕಣ್ಣು ಮುಚ್ರಿ. ಭಾರ ಯಾವ ಕಾಲ ಮೇಲೆ ಐತೆ ನೋಡ್ಕಳ್ರಿ.”

“ಕಣ್ಣು ಮುಚ್ಕೊಂಡು ಹೆಂಗೆ ನೋಡಾದು ಸಾ?”

“ಮೈಯಿಂದ ನೋಡ್ರಲೇ.”

ಎಲ್ಲರೂ ಎರಡೂ ಕಾಲು ಅನ್ನುವರು. ದುಗ್ಗಿ ಮಾತ್ರ ದಿನವೂ “ಎಡಗಾಲ ಮೇಲೆ ಸಾ” ಅನ್ನುವಳು.

“ಎರಡರ ಮೇಲೂ ಇಡು.”

“ಇಟ್ರೆ ಬಿದ್ದುಬಿಡ್ತೀನಿ ಅನ್ನಿಸ್ತೈತೆ ಸಾ.”

ಕವಾಯತು ಮುಗಿದದ್ದೇ ದುಗ್ಗಿ ಕಟ್ಟೆಯ ಮೆಟ್ಟಿಲಿಗೆ ಹೋಗಿ, ಅಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದ ತಮ್ಮ ಬೋರನನ್ನು ಬಗಲಿಗೆ ಏರಿಸಿಕೊಂಡು ಮನೆಗೆ ನಡೆಯುವಳು. ಕೊಬ್ಬಿದ ಕೂಸು. ಅವಳೊಬ್ಬಳೇ ಅಲ್ಲ, ಆ ಶಾಲೆಯ ಮುಕ್ಕಾಲು ಹುಡುಗಿಯರ ಬಗಲಲ್ಲಿ ಒಂದೊಂದು ಕೂಸು. ಉಚ್ಚೆಂಗಪ್ಪ ಅದನ್ನು ದಿನವೂ ನೋಡುತ್ತಿದ್ದ. ಅಕ್ಕ ತಮ್ಮನನ್ನು ಎತ್ತಿಕೊಳ್ಳುವುದನ್ನು ಯಾರಾದರೂ ಭಾರ ಎಂದು ಕರೆದದ್ದುಂಟೇ?

ಭಾನುವಾರ ಅವನು ಹರಿಹರಕ್ಕೆ ಅಕ್ಕನ ಮನೆಗೆ ಹೋದ. ಕಮಲಕ್ಕ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳದೂ ಒಂದು ಸೊಂಟ ಹೊರಗೆ. ನಡೆದರೆ ಒಂದು ಕಡೆ ವಾಲುವಳು. ಬಂದ ಗಂಡುಗಳೆಲ್ಲ ನಡೆಸಿ ನೋಡಿ ಎದ್ದು ಹೋಗಿ, ಕಡೆಗೆ ಹೆಂಡತಿ ಸತ್ತವನೊಬ್ಬನಿಗೆ ಅವಳನ್ನು ಕೊಟ್ಟಿದ್ದರು. ಹುಟ್ಟಿನಿಂದಲೇ ಹಾಗೆ ಎಂದು ಅವ್ವ ಹೇಳುತ್ತಿದ್ದಳು. ಅವನೂ ನಂಬಿದ್ದ.

ಊಟಕ್ಕೆ ಕೂತು ಅವನು ಸೊಟ್ಟ ದುಗ್ಗಿಯ ಕತೆಯನ್ನು ನಗುನಗುತ್ತ ಹೇಳಿದ. ಕಮಲಕ್ಕ ರೊಟ್ಟಿ ತಿರುವಿ ಹಾಕಿ ಕೇಳಿದಳು:

“ಕೂಸು ಯಾವ ಬಗಲಾಗೆ ಇಟ್ಕೊಳ್ತಾಳೆ?”

“ಎಡಕ್ಕೆ. ಯಾಕ?”

“ನಾನೂ ನಿನ್ನ ಎಡಕ್ಕೇ ಇಟ್ಕೊಳ್ತಿದ್ದೆ. ಬಲಗೈ ಕೆಲಸಕ್ಕೆ ಬೇಕಲ್ಲ.”

ಉಚ್ಚೆಂಗಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಹುಟ್ಟಿದಾಗಿನಿಂದ ಹಿಂಗೇ ಅಂತ ಅವ್ವ…”

“ಅವ್ವ ಇನ್ನೇನು ಹೇಳ್ಬೇಕಿತ್ತೋ? ಇಳಿಸಿದ್ರೆ ಓಣಿ ಒಂದಾಗಂಗೆ ಅಳ್ತಿದ್ದಿ. ನೀನಾಗ್ಲೇ ಪೈಲ್ವಾನ ಇದ್ದಿ ಬಿಡು.” ಅವಳು ನಕ್ಕಳು. “ಉಣ್ಣು, ಆರ್ತೈತೆ.”

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ಆ ನಗುವಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಸೋಮವಾರ ಬೆಳಗ್ಗೆ ಅವನು ಹೆಡ್‌ಮಾಸ್ತರ ಮುಂದೆ ನಿಂತ. “ಕೂಸು ತರಂಗಿಲ್ಲ ಅಂತ ಒಂದು ಮಾತು ಹೇಳ್ರಿ ಸಾರ್.”

“ಹೋದ ವರ್ಷ ಹೇಳಿದ್ದೆ ಕಣಪ್ಪ,” ಎಂದರು ಪರಮೇಶ್ವರಪ್ಪ. “ಮರುದಿನ ಕೂಸುಗಳು ಬರಲಿಲ್ಲ. ಅವನ್ನ ಹೊರೋ ಹುಡುಗೀರೂ ಬರಲಿಲ್ಲ. ಮನೆಮನೆಗೆ ಹೋಗಿ ಕೈಮುಗಿದು ಕರ್ಕೊಂಡು ಬಂದೀನಿ. ಸೊಟ್ಟಗೆ ನಿಂತ್ರೂ ನಾಲ್ಕಕ್ಷರ ಕಲೀತಾಳೆ. ನೀನು ನೆಟ್ಟಗೆ ನಿಂತು ಏನು ಕಲಿತಿ?”

ಅವನು ಹೊರಡಲು ತಿರುಗಿದ.

“ಇನ್ನೊಂದು. ಕವಾಯತಿಗೆ ಆ ಹುಡುಗಿ ಬ್ಯಾಡ. ಸಾಲು ಕೆಡ್ತೈತೆ. ಪುರಸಭೆ ಅಧ್ಯಕ್ಷರು ನೋಡೋರಿದ್ದಾರೆ.”

ಮಧ್ಯಾಹ್ನ ಪಾಳಿಗೆ ಮುಂಚೆ, ಕೂಸನ್ನು ದುಗ್ಗಿಯ ಬಗಲಿನಿಂದ ಇಳಿಸಿ ಎಂದು ಹೇಳಲು ಅವಳ ಮನೆಗೆ ಹೋದ. ಅವಳ ಅವ್ವ ಓಬವ್ವ ಮಂಡಕ್ಕಿ ಹುರಿಯುವ ಭಟ್ಟಿಯಿಂದ ಊಟಕ್ಕೆ ಬಂದಿದ್ದಳು, ಕೂದಲ ತುಂಬ ಮರಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅಪ್ಪ ಮಾರಣ್ಣ ಆಗಷ್ಟೇ ಎದ್ದು ಬಾಗಿಲಲ್ಲಿ ಬೀಡಿ ಹಚ್ಚಿದ್ದ. ದುಗ್ಗಿ ಬೋರನನ್ನು ಬಗಲಲ್ಲಿ ಇಟ್ಟುಕೊಂಡೇ ಬಲಗೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

“ಭಟ್ಟಿ ಹತ್ರ ಕರ್ಕೊಂಡು ಹೋಗ್ಲೇನಪ್ಪ?” ಎಂದಳು ಓಬವ್ವ. “ನನ್ ಜೊತೆ ದುಡಿಯೋ ನೂರ್ಜಹಾನ್ ಮಗ ಕಾದ ಮರಳಿನಾಗೆ ಕೈ ಇಟ್ಟು, ಇನ್ನೂ ಬೆರಳು ಬಿಚ್ಚಾಕೆ ಬರಂಗಿಲ್ಲ. ನಂಗೆ ಕಣ್ಣಿಲ್ಲ ಅನ್ಕೊಂಡಿಯಾ? ತಲೆಗೆ ನೀರು ಹಾಕ್ವಾಗ ಇವಳ ಬೆನ್ನು ಕಾಣ್ತೈತೆ. ಎಣ್ಣೆ ಹಚ್ಚಿ ತಿಕ್ತೀನಿ. ತಿಕ್ಕಿದ್ರೆ ಹೋಗಾದಾ ಅದು?”

ಉಚ್ಚೆಂಗಪ್ಪ ಮಾರಣ್ಣನ ಕಡೆ ತಿರುಗಿದ. “ಅಣ್ಣ, ಬೆಳಗ್ಗೆ ನೀನು ಮನ್ಯಾಗೇ ಇರ್ತೀಯಲ್ಲ.”

“ರಾತ್ರಿ ಎಲ್ಲಾ ನಿಂತು ಬಂದೋನು ಮಲಗ್ಬ್ಯಾಡೇನು? ನಾ ನಿದ್ದೆ ಹೋದ್ರೆ ಕೂಸು ಬೀದಿಗೆ ಹೋಗ್ತೈತೆ.” ಮಾರಣ್ಣ ಹೊಗೆ ಬಿಟ್ಟ. “ಎದ್ದಿದ್ರೂ ಅಷ್ಟೆ. ಗಂಡಸು ಬಗಲಾಗೆ ಕೂಸು ಇಟ್ಕೊಂಡು ಓಣ್ಯಾಗೆ ನಿಂತ್ರೆ ಮಂದಿ ಏನಂತಾರೆ? ನಂದು ಹೋಗ್ಲಿ, ನೀನು ಪೈಲ್ವಾನ. ಎತ್ಕೊಂಡು ಗರಡಿ ಮುಂದೆ ಹಾದು ಹೋಗು ನೋಡಾನ.”

ಉಚ್ಚೆಂಗಪ್ಪ ಕೂಸನ್ನು ನೋಡಿದ, ಓಣಿಯನ್ನು ನೋಡಿದ. ಕೈ ಮುಂದೆ ಬರಲಿಲ್ಲ. ಮಾರಣ್ಣ ಸಣ್ಣಗೆ ನಕ್ಕ.

ಆ ಸಂಜೆ ಗಿರಣಿಯಲ್ಲಿ ಯಾರು ಮಾತಾಡಿಸಿದರೂ ಸಿಡುಕಿದ. ಯಾರನ್ನು ಹೊಡೆಯುವುದು? ಹೆಡ್‌ಮಾಸ್ತರು ಹೇಳಿದ್ದೂ ನಿಜ, ಓಬವ್ವ ಹೇಳಿದ್ದೂ ನಿಜ. ಎಲ್ಲರ ನಿಜವನ್ನೂ ಗುಡ್ಡೆ ಹಾಕಿ ಒಂದು ಎಳೆಯ ಸೊಂಟದ ಮೇಲೆ ಕೂರಿಸಿದ್ದರು.

ಮರುದಿನ ದುಗ್ಗಿಗೆ ಹೇಳಿದ, “ಒಂದಿನ ಎಡಕ್ಕೆ, ಒಂದಿನ ಬಲಕ್ಕೆ ಇಟ್ಕೋ.”

ಅವಳು ಮೂರು ದಿನ ಪ್ರಯತ್ನಪಟ್ಟು ಬಂದಳು. “ಬಲಕ್ಕೆ ಸೊಂಟನೇ ಇಲ್ಲ ಸಾ. ಜಾರ್ತಾನೆ.”

ಹಬ್ಬದ ದಿನ ಮಕ್ಕಳೆಲ್ಲ ಒಗೆದ ಬಟ್ಟೆ ತೊಟ್ಟು ಸಾಲಾಗಿ ನಿಂತರು. ದುಗ್ಗಿಯೂ ಒಗೆದ ಲಂಗ ಉಟ್ಟು ಬಂದಿದ್ದಳು. ಸಾಲಿಗೆ ಬರಲಿಲ್ಲ, ಬೋರನನ್ನು ಎತ್ತಿಕೊಂಡು ಗೇಟಿನ ಬಳಿ ನಿಂತಳು. ನೋಡಲು ಬಂದವರ ಹಾಗೆ.

ಉಚ್ಚೆಂಗಪ್ಪ ಸೀಟಿ ಬಾಯಿಗಿಟ್ಟವನು ತೆಗೆದ. ಗೇಟಿನ ಬಳಿಗೆ ಹೋಗಿ ಎರಡೂ ಕೈ ಚಾಚಿದ. ಬೋರ ಕಿಟಾರನೆ ಕಿರುಚಿ ಅವನ ಮೀಸೆ ಹಿಡಿದೆಳೆದ. ಉಚ್ಚೆಂಗಪ್ಪ ಅವನನ್ನು ಬಗಲಿಗೆ ಏರಿಸಿಕೊಂಡ.

“ಸಾಲಿಗೆ ಹೋಗು. ಹಿಂದಲ್ಲ, ಮುಂದೆ.”

“ಉಚ್ಚೆಂಗಪ್ಪ, ಏನಿದು?” ಎಂದರು ಹೆಡ್‌ಮಾಸ್ತರು. ಅಷ್ಟರಲ್ಲಿ ಸೀಟಿ ಊದಿ ಆಗಿತ್ತು.

ಸಾಲು ಬೀದಿಗಿಳಿಯಿತು. ಶಬ್ಬೀರನ ಚಹಾ ಅಂಗಡಿಯ ಮುಂದೆ ಗರಡಿಯ ಹುಡುಗರೆಲ್ಲ ಕೂತಿದ್ದರು.

“ಉಚ್ಚೆಂಗಿ, ಯಾವ ಉಸ್ತಾದ ಹೇಳ್ಕೊಟ್ಟಿದ್ದೋ ಈ ಪಟ್ಟು?”

“ಹಡೆದಿದ್ದು ಯಾವಾಗಪ್ಪ? ಹೇಳಿದ್ರೆ ಬಾಣಂತನಕ್ಕೆ ಬರ್ತಿದ್ವಿ.”

ಅವನ ಕಿವಿ ಕಾದವು. ಹೆಜ್ಜೆ ತಪ್ಪಲಿಲ್ಲ. ಆದರೆ ಬಜಾರು ದಾಟುವ ಹೊತ್ತಿಗೆ, ದಿನಾ ಸಾಮು ಮಾಡಿದ ಅವನ ಮೈಯೂ ಒಂದು ಕಡೆ ವಾಲಿತ್ತು. ಕೂಸನ್ನು ಮೇಲಕ್ಕೆ ಎಗರಿಸಿಕೊಂಡ. ಮತ್ತೆ ಜಾರಿತು, ಮತ್ತೆ ಎಗರಿಸಿಕೊಂಡ. ಜನರ ನಡುವೆ ಮಾರಣ್ಣ ಕಂಡ. ಕಣ್ಣು ಕೂಡಿದ್ದೇ ಮಾರಣ್ಣ ಮುಖ ತಿರುಗಿಸಿದ.

ಉಚ್ಚೆಂಗಪ್ಪ ತಿರುಗಿ ಸಾಲನ್ನು ನೋಡಿದ. ಮುಂದಿನ ಸಾಲಿನಲ್ಲಿ ದುಗ್ಗಿ ಎರಡೂ ಕೈ ಬೀಸುತ್ತ ಬರುತ್ತಿದ್ದಳು. ಮುಖದ ತುಂಬ ನಗು. ಬಗಲು ಬರಿದಾಗಿತ್ತು. ಆದರೂ ಎಡ ಸೊಂಟ ಹೊರಗೇ ಇತ್ತು, ಬಲ ಭುಜ ಕೆಳಗೇ ಇತ್ತು. ಕೂಸು ಇಳಿದರೂ ಮೈ ಅದನ್ನು ಇಳಿಸಿರಲಿಲ್ಲ.

ಮೈದಾನದಲ್ಲಿ ಭಾಷಣವಾಯಿತು, ಪೆಪ್ಪರ್‌ಮಿಂಟು ಹಂಚಿದರು. ದುಗ್ಗಿ ಓಡಿಬಂದು ತನ್ನ ಪೆಪ್ಪರ್‌ಮಿಂಟನ್ನು ಕಚ್ಚಿ ಅರ್ಧ ಬೋರನ ಬಾಯಿಗಿಟ್ಟಳು. ಕೈ ಚಾಚಿ ಅವನನ್ನು ತೆಗೆದುಕೊಂಡಳು. ಕೂಸು ಜಾಗ ಹುಡುಕಲಿಲ್ಲ, ನೇರ ಎಡ ಸೊಂಟದ ಮೇಲೆ ಕೂತಿತು.

“ಎರಡೂ ಕಾಲ ಮೇಲೆ ನಡೆದೆ ಸಾ ಇವತ್ತು. ಸ್ವಲ್ಪ ದೂರ. ಬೀಳ್ಲೇ ಇಲ್ಲ.”

“ಹ್ಞೂಂ, ನೋಡ್ದೆ,” ಎಂದ ಉಚ್ಚೆಂಗಪ್ಪ.

“ನಾಳೆನೂ ನೀವೇ ಎತ್ಕೊಳ್ತೀರಾ ಸಾ?”

ನಾಳೆಯಿಂದ ಅವನಿಗೆ ಮೊದಲ ಪಾಳಿ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಅವನು ಗಿರಣಿಯೊಳಗೆ ಯಂತ್ರದ ಮುಂದೆ ಇರುವನು. ಹಬ್ಬ ಮುಗಿಯಿತು, ಶಾಲೆಗೂ ಇನ್ನು ಅವನು ಬೇಡ. ದುಗ್ಗಿ ತಲೆಯೆತ್ತಿ ಕಾಯುತ್ತಿದ್ದಳು, ಸೊಂಟ ಆಗಲೇ ಹೊರಗೆ ಬಂದಿತ್ತು.

ಅವನು ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ತೆಗೆದು, ಜನರ ನಡುವೆ ದಾರಿ ಮಾಡಿಕೊಂಡು ನಡೆದುಬಿಟ್ಟ. ಹಿಂದಿನಿಂದ “ಸಾ” ಎಂದು ಅವಳು ಇನ್ನೊಮ್ಮೆ ಕೂಗಿದ್ದು ಕೇಳಿಸಿತು.