ಬೊಂಬೆಗೆ ಒಪ್ಪದ ಅಂಗಿ

ಸಾಸಿವೆ ಹೂವಿನ ಹಳದಿ ನಿಲುವಂಗಿಯೊಳಗೆ ತಲೆ ತೂರಿಸಿ ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡಾಗ ಅವಳಿಗೆ ಅಸಹ್ಯವಾಯಿತು. ಹೊಟ್ಟೆಯ ಮೇಲೆ ಬಿಗಿತ, ಬೆನ್ನಿನ ಮೇಲೆ ಜೋಲು, ಕಂಕುಳಲ್ಲಿ ಆಗಲೇ ಬೆವರಿನ ವಾಸನೆ. ಇನ್ನರ್ಧ ಗಂಟೆಗೆ ಮಾಲೀಕರ ಮುಂದೆ ಸಂದರ್ಶನ. ಅಂಗಡಿಗೆ ಬಟ್ಟೆ ಆರಿಸಿ ತರಿಸುವ ಕೆಲಸ ಖಾಲಿಯಾಗಿತ್ತು. ಹನ್ನೊಂದು ವರ್ಷದಿಂದ ಅವಳು ಅದರ ಮೇಲೇ ಕಣ್ಣಿಟ್ಟಿದ್ದಳು.

ಅಷ್ಟು ವರ್ಷವೂ ಅವಳು ಮಾಡಿದ್ದು ಗಾಜಿನ ಕಿಟಕಿಯ ಬೊಂಬೆಗಳಿಗೆ ಬಟ್ಟೆ ತೊಡಿಸುವ ಕೆಲಸ. ಕಿಟಕಿಗೆ ಒಪ್ಪದ ಮಾಲಿಗೆ ವಾಪಸ್ ಚೀಟಿ ಬರೆಯುವುದೂ ಅವಳ ಪಾಲಿಗೇ. ಬೊಂಬೆಯ ಬೆನ್ನ ಹಿಂದೆ ಎಂಟು ಹತ್ತು ಕ್ಲಿಪ್ಪು ಸಿಕ್ಕಿಸಿ ಜಗ್ಗಿದರೆ ಗೋಣಿಚೀಲಕ್ಕೂ ಸೊಂಟ ಬರುತ್ತದೆ. ನಾಚಿಕೆಗೇಡಿನ ಸಂಗತಿಯೆಂದರೆ, ತಾನೇ ಕ್ಲಿಪ್ಪು ಹಾಕಿ, ತಾನೇ ಬೀದಿಗಿಳಿದು ಗಾಜಿನಾಚೆಯಿಂದ ನೋಡಿ, ತಾನೇ ಮರುಳಾಗಿ ಅದೇ ಬಟ್ಟೆಯನ್ನು ಕೊಂಡುಬಿಡುತ್ತಿದ್ದಳು. ಮನೆಯ ಬೀರು ತೆರೆದರೆ ಮೈ ಉರಿಯುತ್ತಿತ್ತು. ಕುತ್ತಿಗೆಯನ್ನೇ ನುಂಗಿಹಾಕುವ ಕಾಲರು, ಕಾಮಾಲೆ ಬಂದವಳಂತೆ ತೋರಿಸುವ ಕಿತ್ತಳೆ ಅಂಗಿ, ಕೂತರೆ ಚುಚ್ಚುವ ಮಿಣಮಿಣ ಲಂಗ.

"ಅಕ್ಕಾ, ಬೊಂಬೆಗೆ ಹೊಟ್ಟೆ ಇಲ್ಲ, ನಿಂಗಿದೆ. ಅಷ್ಟೂ ಗೊತ್ತಾಗಲ್ವಾ?" ಎಂದು ತಂಗಿ ಹೇಳಿ ಹೇಳಿ ಸೋತಿದ್ದಳು.

ಕ್ಲಿಪ್ಪುಗಳನ್ನಾದರೂ ಹಾಕಿಸಿಕೊಳ್ಳೋಣವೆಂದು ಅವಳು ಅಂಗಡಿಯ ಹಿಂದಿನ ಹೊಲಿಗೆ ಕೋಣೆಗೆ ಓಡಿದಳು. ದರ್ಜಿ ಹೆಂಗಸು ಕನ್ನಡಕದ ಮೇಲಿಂದ ನೋಡಿ ಮುಖ ಸಿಂಡರಿಸಿದಳು.

"ಥೂ, ಬಿಚ್ಚು ಅದನ್ನ." ಮೊಳೆಯಿಂದ ಕಡುನೀಲಿ ಅಂಗಿಯೊಂದನ್ನು ಎಳೆದು ಕೊಟ್ಟಳು. "ತೋಳು ಹರಿದಿತ್ತು ಅಂತ ಇದೊಂದು ಇಲ್ಲೇ ಉಳೀತು, ಹೊಲಿದಿಟ್ಟಿದೀನಿ. ಇದನ್ನ ಹಾಕ್ಕೋ."

ಕುತ್ತಿಗೆ ತೆರೆದ, ನೇರ ಇಳಿದ, ಒಂದು ಗುಂಡಿಯ ಸಿಂಗಾರವೂ ಇಲ್ಲದ ಅಂಗಿ. ಒಲ್ಲದ ಮನಸ್ಸಿನಿಂದಲೇ ತೊಟ್ಟಳು. ಅವಳ ಅಗಲ ಭುಜದ ಮೇಲೆ ಅದು ತಣ್ಣಗೆ ಕೂತಿತು. ತನಗೂ ಒಂದು ಕುತ್ತಿಗೆಯಿದೆ ಎಂದು ಅವಳಿಗೆ ನಲವತ್ತೆರಡನೇ ವರ್ಷದಲ್ಲಿ ತಿಳಿಯಿತು. ಹೊಟ್ಟೆ ತನ್ನ ಪಾಡಿಗೆ ತಾನಿತ್ತು. ಇಷ್ಟು ಸರಳವಾದ್ದು ತಲೆಗೆ ಹೋಗಲು ಒಂದು ಬೀರು ತುಂಬ ಕಸ ಕೊಳ್ಳಬೇಕಾಯಿತಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಮಾಲೀಕರು ಅವಳನ್ನು ನೋಡಿ ಪೆನ್ನು ಕೆಳಗಿಟ್ಟರು. "ಈ ಅಂಗಿ ನಮ್ಮಂಗಡೀದೇನಾ? ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ನಿಮ್ಮ ಮೈಕಟ್ಟಿನೋರೇ. ಇಂಥದ್ದು ಸಿಗಲ್ಲ ಅಂತ ದಿನಾ ಗೊಣಗ್ತಾರೆ."

"ನಾನಾದ್ರೆ ಇಂಥದ್ದನ್ನೇ ತರಿಸ್ತೀನಿ ಸರ್," ಎಂದಳು ಅವಳು. ಕೆಲಸ ಕೈಗೆ ಬಂದಂತೆಯೇ ಅನಿಸಿತು.

ಅವರು ಅಂಗಿಯ ಒಳಚೀಟಿಯ ನಂಬರು ಕೇಳಿ, ಕಡತದಲ್ಲಿ ಹುಡುಕಿ, ಒಂದು ಹಾಳೆಯನ್ನು ಅವಳತ್ತ ತಿರುಗಿಸಿದರು. ಕಡುನೀಲಿ ಅಂಗಿ, ಇನ್ನೂರು, ಹೋದ ತಿಂಗಳು ವಾಪಸ್. ಕಾರಣ: ಬೊಂಬೆಯ ಮೇಲೆ ಸತ್ತ ಹಾಗೆ ಕಾಣುತ್ತದೆ, ಬೇಡ. ಕೆಳಗೆ ಅವಳದೇ ದುಂಡು ಸಹಿ. ಬೊಂಬೆಯ ಮೇಲೆ ನೋಡಿದ್ದ ಅಂಗಿ ಇದೇ ಎಂದು ಅವಳಿಗೆ ಗುರುತೇ ಸಿಕ್ಕಿರಲಿಲ್ಲ. ಮನುಷ್ಯರ ಮೈಮೇಲೆ ಒಮ್ಮೆ ಹಾಕಿ ನೋಡುವ ಯೋಚನೆಯೇ ಆಗ ಬಂದಿರಲಿಲ್ಲ.

"ಮನುಷ್ಯರಿಗೆ ಬಟ್ಟೆ ಆರಿಸೋರು ಬೇಕು ನಮಗೆ," ಎಂದರು ಮಾಲೀಕರು, ಕೋಪವೇನೂ ಇಲ್ಲದೆ. "ನೀವು ಕಿಟಕೀಲೇ ಇರಿ."

ಮೆಟ್ಟಿಲಿಳಿಯುವಾಗ ಕ್ಯಾಷಿಯರ್ ಎದುರಾದಳು. ಅವಳದೂ ಅಗಲ ಭುಜ, ಗಿಡ್ಡ ಕುತ್ತಿಗೆ.

"ಎಷ್ಟು ಚೆನ್ನಾಗಿ ಒಪ್ಪುತ್ತೆ ನಿಮಗೆ. ನಂಗೂ ಒಂದು ಬೇಕಲ್ಲ, ಎಲ್ಲಿದೆ?"

ಇವಳಿಗೆ ಉಗಿಯಬೇಕೆನಿಸಿತು. ಯಾರ ಮುಖಕ್ಕೆ ಎಂಬುದೂ ಗೊತ್ತಿತ್ತು.

"ಸಿಗಲ್ಲ," ಎಂದಳು. "ನಾನೇ ವಾಪಸ್ ಕಳಿಸಿದೆ."