ದಿಬ್ಬದ ಮೇಲೆ ಬಂದ ನಂಬರು

ಫೋನು ಬಂದ್ ಮಾಡಿ ಒಳಜೇಬಿಗೆ ಇಳಿಬಿಟ್ಟು, ದಿಬ್ಬ ಇಳಿದು ಕುರಿಗಳ ಹತ್ತಿರ ಬಂದ ಮೇಲೂ ಸೋಮನಿಂಗನ ಜೀವಕ್ಕೆ ಸಮಾಧಾನ ಆಗಲಿಲ್ಲ. ಯಾವನೋ ಗಂಡಸು, "ಅಜ್ಜಾರ, ನಿಮ್ಮ ಫೋನಿಗೆ ಒಂದ್ ನಂಬರ್ ಬಂದೈತ್ರಿ, ಹೇಳ್ರಿ" ಅಂದಿದ್ದ. "ನಿಮ್ಮಪ್ಪಗ ಕೇಳಲೇ ಕಳ್ಳಾ!" ಎಂದು ಬೈದಿದ್ದ ಸೋಮನಿಂಗ. ಹೊರ್ತಿ ಊರಿನ ಷಡ್ಡಕ ಹಿಂಗೇ ಫೋನಿನಲ್ಲಿ ನಂಬರು ಹೇಳಿ, ಬ್ಯಾಂಕಿನಲ್ಲಿಟ್ಟಿದ್ದ ಕುರಿ ಮಾರಿದ ರೊಕ್ಕ ಕಳಕೊಂಡಿದ್ದ.

ಆದರೆ ಆ ದನಿಯ ಹಿಂದೆ ಯಾರೋ ಕೆಮ್ಮಿದ್ದರು. ಹಿಂಡಿನಲ್ಲಿ ಯಾವ ಕುರಿ ಕೆಮ್ಮಿತೆಂದು ನೋಡದೆ ಹೇಳುವವನಿಗೆ ಮೊಮ್ಮಗಳ ಕೆಮ್ಮು ತಿಳಿಯದೆ? ಸಿಗ್ನಲ್ ಸಿಗುವ ದಿಬ್ಬಕ್ಕೆ ಮತ್ತೆ ಓಡಿ ಮೊಮ್ಮಗಳಿಗೆ ಫೋನು ಹಚ್ಚಿದ.

"ಅಜ್ಜಾ, ನೀ ಬೈದಾಂವ ಇಂಡಿ ಪ್ಯಾಟ್ಯಾಗಿನ ಕಂಪ್ಯೂಟರ್ ಅಂಗಡಿ ದಾವಲಮಲಿಕಣ್ಣ!" ಪ್ರಿಯದರ್ಶಿನಿ ಅಳುವುದೊಂದೇ ಬಾಕಿ. "ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತ ಕಡೀ ದಿನ. ಹೋಗಲಿಲ್ಲಂದ್ರ ಫೀ ಇಲ್ಲ, ಪರೀಕ್ಷಾನೂ ಇಲ್ಲ."

"ನೀ ಕಲಿಯಾಕ ನನ್ನ ಫೋನ್ಯಾಕವ್ವ?"

"ಆಧಾರ ಕಾರ್ಡ್ ಮಾಡ್ಸಿದಾಗ ಮನ್ಯಾಗ ಇದ್ದದ್ದು ಅದೊಂದ ಫೋನು, ಅರ್ಜಿ ನಂಬರ್ ಅದಕ್ಕ ಬರ್ತೈತಿ. ಈಗ ಮತ್ತೊಂದ್ ಬರ್ತೈತಿ, ಬಂದ ಕೂಡ್ಲೆ ಹೇಳು. ಅಲ್ಲೇ ನಿಲ್ಲು!"

ನಿಂತ. ಮಗ ಅರುಣಕುಮಾರ ಓದುವ ಕಾಲಕ್ಕೆ ಸರಕಾರದ ರೊಕ್ಕ ಹಾಸ್ಟೆಲ್ಲಿಗೆ ಬರುತ್ತಿತ್ತು. ನಡುವೆ ತಿನ್ನುವವರು ತಿಂದು ಹುಡುಗರಿಗೆ ನೀರುಸಾರು ಉಳಿಯುತ್ತಿತ್ತು. ಈಗ ನೇರ ಮಕ್ಕಳ ಕೈಗೇ ಅನ್ನುತ್ತಾರೆ. ನೇರ ದಾರಿ ಕುರುಬನ ಜೇಬಿನ ಮೇಲೆ ಹಾಯ್ದು ಹೋಗಬೇಕೆ?

ಕೆಳಗೆ ಕುರಿಗಳು ಗುರುಲಿಂಗಪ್ಪಗೌಡನ ಕಡಲೆಗೆ ನುಗ್ಗಿದವು. ಸೋಮನಿಂಗನ ಕಾಲು ತಾವೇ ಎದ್ದವು. ನಂಬರಿನ ನೆನಪಾಗಿ ಮತ್ತೆ ಕಾಲೂರಿ ನಿಂತ. ಗೌಡ ಬಡಿಗೆ ಹಿಡಿದು ಬಂದ.

"ಏ ಸೋಮನಿಂಗ! ಕಣ್ಣ ಒಡದಾವೇನ?"

"ನೀವ ಹೊಳ್ಳಸ್ರಿ ಗೌಡ್ರ! ನಾ ಇಳ್ಯಾಂಗಿಲ್ಲ!"

ಅಷ್ಟರಲ್ಲಿ ಫೋನು ಟಣ್ ಅಂದಿತು. ಓದು ಬಾರದಿದ್ದರೂ ಅಂಕಿ ಬಲ್ಲ ಸೋಮನಿಂಗ ಮೊಮ್ಮಗಳಿಗೆ ಫೋನು ಹಚ್ಚಿ ಒಂದೊಂದನ್ನೇ ಕೂಗಿ ಹೇಳಿದ. ಗೌಡ ಬೈಯುತ್ತಲೇ ಕುರಿಗಳನ್ನು ಕಡಲೆಯಿಂದ ಹೊರಗೆ ಹೊಳ್ಳಿಸಿದ.

"ಹೋತೇನವ್ವ?"

"ಹೋತು ಅಜ್ಜಾ! ಆದ್ರ ಫೋನ್ ಬಂದ್ ಮಾಡಬ್ಯಾಡ. ರೊಕ್ಕ ಬರೂತನಕ ಮತ್ತ್ಯಾವಾಗರ ನಂಬರ್ ಕೇಳ್ತಾರ."

"ಯಾವಾಗ ಬರ್ತೈತಿ ರೊಕ್ಕ?"

"ಅದು ಯಾರಿಗೂ ಗೊತ್ತಿಲ್ಲ."

ಸೋಮನಿಂಗ ಇಳಿದು ಬಂದು ರುಮಾಲು ಸಡಿಲಿಸಿದ. "ಗೌಡ್ರ, ಕಡ್ಲಿ ಲುಕ್ಸಾನಕ್ಕ ರಾತ್ರಿ ಹಿಂಡು ನಿಮ್ಮ ಹೊಲದಾಗ ಪುಕ್ಕಟೆ ಕೂಡ್ರಸ್ತೇನಿ. ಗೊಬ್ಬರ ನಿಮಗಿರಲಿ."

"ಎಲ್ಲಿ ಕೂಡ್ರಸ್ತಿ?"

ಸೋಮನಿಂಗ ಜೇಬಿನೊಳಗಿನ ಫೋನು ಮುಟ್ಟಿ ನೋಡಿಕೊಂಡ. "ಈ ದಿಬ್ಬದ ಬುಡಕ್ಕರಿ."